ನೋವು ಬೆನ್ನಿನದೋ, ಕುಂಡಿಯದೋ? ಪಿರಿಫಾರ್ಮಿಸ್ ಸಿಂಡ್ರೋಮ್ ಲಕ್ಷಣ ಗುರುತಿಸುವ ಸಮಗ್ರ ಮಾರ್ಗದರ್ಶಿ

ಕುಂಡಿಯ ಆಳದಲ್ಲಿರುವ ಪಿರಿಫಾರ್ಮಿಸ್ ಎಂಬ ಸ್ನಾಯು ಪಕ್ಕದ ನರವನ್ನು ಕೆರಳಿಸಿ ನೋವು ತರುವುದೇ ಪಿರಿಫಾರ್ಮಿಸ್ ಸಿಂಡ್ರೋಮ್. ನನಗೆ ಅದು ಇದೆ ಎಂದು ತಾವೇ ತೀರ್ಮಾನಿಸಿಕೊಂಡು ಫಿಸಿಯೋಥೆರಪಿಗೆ ಬರುವವರಲ್ಲಿ ಹಲವರಿಗೆ ಅದು ಇರುವುದಿಲ್ಲ. ನಿಜಕ್ಕೂ ಇರುವವರಿಗೆ ಅದರ ಹೆಸರೇ ಗೊತ್ತಿರುವುದಿಲ್ಲ. ಡಿಸ್ಕ್ ಜಾರಿದೆ ಎಂದುಕೊಂಡು ತಿಂಗಳುಗಟ್ಟಲೆ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಓಡಾಡುತ್ತಿರುತ್ತಾರೆ.

ಇಬ್ಬರೂ ಎಡವುವುದು ಒಂದೇ ಕಡೆ, ನೋಡುವ ಕ್ರಮದಲ್ಲಿ. ಒಬ್ಬರು ವಿಡಿಯೊ ನೋಡಿ ಮೊದಲೇ ಕಾಲು ಮಡಚಿ ಎಳೆಯುತ್ತಾರೆ. ನೋವಾದರೆ ಇದೇ ಕಾಯಿಲೆ ಅನ್ನುತ್ತಾರೆ. ಇನ್ನೊಬ್ಬರು ಮೊದಲೇ ಎಂಆರ್‌ಐ ಮಾಡಿಸಿ, ರಿಪೋರ್ಟಿನಲ್ಲಿ ‘ಎಲ್4-ಎಲ್5 ಬಲ್ಜ್’ (ಕೆಳಬೆನ್ನಿನ ನಾಲ್ಕು, ಐದನೇ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿದೆ) ಎಂದಿದ್ದನ್ನು ಓದಿ ಅಲ್ಲಿಗೇ ನಿಂತುಬಿಡುತ್ತಾರೆ. ನೋವು ಎಲ್ಲಿದೆ, ಯಾವಾಗ ಬರುತ್ತದೆ, ಎಲ್ಲಿಯವರೆಗೆ ಇಳಿಯುತ್ತದೆ ಎಂದು ಇಬ್ಬರೂ ಸರಿಯಾಗಿ ನೋಡಿಕೊಂಡಿರುವುದಿಲ್ಲ.

ಹಾಗಾಗಿ ಇಲ್ಲಿನ ಕ್ರಮ ಹೀಗಿದೆ. ಮೊದಲು ಅಪಾಯವಿಲ್ಲ ಎಂದು ನೋಡಿಕೊಳ್ಳಿ. ಆಮೇಲೆ ಜಾಗ, ಆಮೇಲೆ ಹೊತ್ತು, ಆಮೇಲೆ ನೋವು ಇಳಿಯುವ ದಾರಿ. ಕಾಲು ಮಡಚಿ ಎಳೆದು ನೋಡುವುದು ಇವೆಲ್ಲ ಮುಗಿದ ಮೇಲೆ. ಹಂತ ಹಾರಬೇಡಿ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಈ ಸಮಸ್ಯೆಯನ್ನು ‘ಇದೆ’ ಅಥವಾ ‘ಇಲ್ಲ’ ಎಂದು ಸಾರುವ ಒಂದೇ ಒಂದು ಪರೀಕ್ಷೆ ಎಲ್ಲೂ ಇಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟು ವೈದ್ಯರೂ ಇದನ್ನು ಗುರುತಿಸುತ್ತಾರೆ. ಮನೆಯಲ್ಲಿ ನೀವು ಮಾಡುವುದು ರೋಗ ನಿರ್ಣಯವಲ್ಲ, ಡಾಕ್ಟರ ಮುಂದೆ ಕೂತಾಗ ಸರಿಯಾಗಿ ಹೇಳುವುದಕ್ಕೆ ಬೇಕಾದ ತಯಾರಿ.

ಶುರು ಮಾಡುವ ಮೊದಲು: ಏನೇನು ಬೇಕು

ಕುಶನ್ ಇಲ್ಲದ ಮರದ ಕುರ್ಚಿ, ಚಾಪೆ ಅಥವಾ ಯೋಗ ಮ್ಯಾಟ್, ಮೊಬೈಲಿನ ಟೈಮರ್, ಬರೆದಿಡಲು ಪುಸ್ತಕ, ಒಂದು ಬಾಲ್‌ಪೆನ್. ಜೊತೆಗೆ ಮನೆಯವರೊಬ್ಬರು ಬೇಕು. ನಮ್ಮ ಹಿಂಭಾಗ ನಮಗೆ ಕಾಣುವುದಿಲ್ಲ ಅಲ್ವಾ?

ಮೆತ್ತನೆ ಹಾಸಿಗೆಯ ಮೇಲೆ ಪರೀಕ್ಷೆ ಬೇಡ. ಸೊಂಟ ಕುಸಿದು ಎಲ್ಲವೂ ಅಡ್ಡಾದಿಡ್ಡಿಯಾಗುತ್ತದೆ. ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆ ನುಂಗಿ ತಕ್ಷಣ ನೋಡಿದರೂ ಪ್ರಯೋಜನವಿಲ್ಲ, ಮಾತ್ರೆಯ ಪ್ರಭಾವ ಇಳಿದ ಮೇಲೆ ನೋಡಿ. ಡಾಕ್ಟರ್ ಬರೆದುಕೊಟ್ಟ ನಿತ್ಯದ ಔಷಧಿಯನ್ನು ಮಾತ್ರ ಇದಕ್ಕಾಗಿ ನಿಲ್ಲಿಸಬೇಡಿ.

ಅಂಗರಚನೆ ಇಷ್ಟು ಗೊತ್ತಿದ್ದರೆ ಸಾಕು. ಬೆನ್ನುಮೂಳೆಯ ಬುಡದಲ್ಲಿ ಒಂದು ತ್ರಿಕೋನ ಮೂಳೆಯಿದೆ. ಪಿರಿಫಾರ್ಮಿಸ್ ಎಂಬ ಚಿಕ್ಕ ಸ್ನಾಯು ಅದರ ಒಳಮುಖದಿಂದ ಹೊರಟು, ಕುಂಡಿಯ ಆಳದಲ್ಲಿ ಅಡ್ಡಕ್ಕೆ ಸಾಗಿ, ತೊಡೆಮೂಳೆಯ ಮೇಲ್ತುದಿಯ ಉಬ್ಬಿಗೆ ಅಂಟಿಕೊಳ್ಳುತ್ತದೆ. ನಿಂತಾಗ ತೊಡೆಯನ್ನು ಹೊರಕ್ಕೆ ತಿರುಗಿಸುವುದು ಇದರ ಕೆಲಸ. ದೇಹದ ಅತಿ ದಪ್ಪ ನರವಾದ ಸಯಾಟಿಕ್ ನರ ಹೆಚ್ಚಿನವರಲ್ಲಿ ಈ ಸ್ನಾಯುವಿನ ಕೆಳ ಅಂಚಿನಿಂದ ಹೊರಬಂದು ಕಾಲಿಗೆ ಇಳಿಯುತ್ತದೆ. ಕೆಲವರಲ್ಲಿ ನರದ ಒಂದು ಕವಲು ಸ್ನಾಯುವಿನ ನಡುವೆಯೇ ತೂರಿ ಬರುತ್ತದೆ. ಸ್ನಾಯು ಬಿಗಿದುಕೊಂಡರೆ ಅಥವಾ ಊದಿಕೊಂಡರೆ ಪಕ್ಕದಲ್ಲೇ ಇರುವ ನರ ಕೆರಳುತ್ತದೆ.

ಹಂತ 1: ಮೊದಲು ಅಪಾಯದ ಚಿಹ್ನೆ ನೋಡಿ

ಕೆಳಗಿನವುಗಳಲ್ಲಿ ಒಂದಿದ್ದರೂ ಈ ಮಾರ್ಗದರ್ಶಿಯನ್ನು ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೋಗಿ.

- ಮೂತ್ರ ಕಟ್ಟಿಕೊಂಡಿದೆ, ಅಥವಾ ಮೂತ್ರ, ಮಲ ಗೊತ್ತಾಗದೆ ಹೋಗುತ್ತಿದೆ.
- ಗುದದ್ವಾರ, ಗುಪ್ತಾಂಗ, ಒಳತೊಡೆಯ ಸುತ್ತ ಮುಟ್ಟಿದರೂ ಗೊತ್ತಾಗುತ್ತಿಲ್ಲ. ತೊಳೆದುಕೊಳ್ಳುವಾಗ ಸ್ಪರ್ಶವೇ ಇಲ್ಲದ ಹಾಗೆ ಅನ್ನಿಸುತ್ತದೆ.
- ಪಾದ ಎತ್ತಲಾಗುತ್ತಿಲ್ಲ, ಚಪ್ಪಲಿ ತಾನಾಗಿ ಜಾರುತ್ತಿದೆ, ನಡೆಯುವಾಗ ಬೆರಳು ನೆಲಕ್ಕೆ ತಾಗುತ್ತಿದೆ.
- ಎರಡೂ ಕಾಲಿನಲ್ಲಿ ದಿನದಿನಕ್ಕೆ ಬಲ ಕಡಿಮೆಯಾಗುತ್ತಿದೆ.
- ನೋವಿನ ಜೊತೆ ಜ್ವರವಿದೆ, ಅಥವಾ ಕಾರಣವಿಲ್ಲದೆ ತೂಕ ಇಳಿಯುತ್ತಿದೆ, ಅಥವಾ ಹಿಂದೆ ಕ್ಯಾನ್ಸರ್ ಆಗಿತ್ತು.
- ಯಾವ ಮಗ್ಗುಲಿಗೆ ಮಲಗಿದರೂ ರಾತ್ರಿಯಿಡೀ ಒಂದೇ ಸಮನೆ ನೋವಿದೆ.
- ಗಾಡಿಯಿಂದ ಜೋರಾಗಿ ಬಿದ್ದ ಮೇಲೆ ಶುರುವಾದ ನೋವು, ಕಾಲೂರಲು ಆಗುತ್ತಿಲ್ಲ.

ಮೊದಲ ಎರಡಂತೂ ‘ನಾಳೆ ನೋಡೋಣ’ ಅನ್ನುವಂಥವಲ್ಲ. ಬೆನ್ನುಮೂಳೆಯ ಕೆಳತುದಿಯ ನರಗಳ ಗೊಂಚಲಿಗೆ ಒತ್ತು ಬಿದ್ದಾಗ ಹೀಗಾಗುತ್ತದೆ. ತಡವಾದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು. 108ಕ್ಕೆ ಕರೆ ಮಾಡಿ, ಅಥವಾ ನರಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ ನೇರ ಹೋಗಿ. ನಾಚಿಕೆಯಿಂದ ಮೂತ್ರದ ವಿಷಯ ಮುಚ್ಚಿಟ್ಟು ಬರೀ ಸೊಂಟ ನೋವು ಅನ್ನುವವರಿದ್ದಾರೆ. ಅಲ್ಲಿ ಮೊದಲು ಹೇಳಬೇಕಾದ್ದೇ ಅದು.

ಬಸುರಿಯರು 6ನೇ ಹಂತದ ಮಲಗಿ ಮಾಡುವ ಪರೀಕ್ಷೆಗಳನ್ನು ತಾವಾಗಿ ಮಾಡಬಾರದು. ಆ ಸಮಯದಲ್ಲಿ ಸೊಂಟದ ಕೀಲುಗಳೇ ಸಡಿಲವಾಗಿರುತ್ತವೆ, ಕಾರಣ ಬೇರೆ ಇರಬಹುದು. ಹಿಪ್ ರಿಪ್ಲೇಸ್‌ಮೆಂಟ್ ಆದವರೂ ಕಾಲು ಅಡ್ಡ ಮಡಚುವ ಯಾವ ಪರೀಕ್ಷೆಯನ್ನೂ ಮಾಡಬಾರದು, ಕೀಲು ಕಳಚುವ ಅಪಾಯವಿದೆ.

ಹಂತ 2: ಒಂದೇ ಬೆರಳಿಟ್ಟು ಜಾಗ ತೋರಿಸಿ

ಅತಿ ಹೆಚ್ಚು ಗೊಂದಲ ಆಗುವುದು ಇಲ್ಲಿ. ನಮ್ಮಲ್ಲಿ ‘ಸೊಂಟ ನೋವು’ ಅಂದರೆ ಪಕ್ಕೆಲುಬಿನ ಕೆಳಗಿನಿಂದ ತೊಡೆಯ ಮೇಲ್ಭಾಗದವರೆಗೆ ಎಲ್ಲವೂ ಬಂತು. ಡಾಕ್ಟರ ಎದುರು ಕುಂಡಿ ಅನ್ನಲು ಸಂಕೋಚ, ಅಂಗೈ ಅಗಲಿಸಿ ಸೊಂಟದ ಮೇಲಿಟ್ಟು ‘ಇಲ್ಲೆಲ್ಲಾ’ ಅನ್ನುತ್ತೇವೆ. ಅವರೂ ಬೆನ್ನಿನ ಎಕ್ಸ್-ರೇಗೆ ಬರೆಯುತ್ತಾರೆ.

ಅಂಗೈ ಬೇಡ, ತೋರುಬೆರಳು ಸಾಕು. ಗೋಡೆಗೆ ಮುಖ ಮಾಡಿ ನಿಲ್ಲಿ. ನೋವು ಅತಿ ಜಾಸ್ತಿ ಇರುವ ಒಂದೇ ಒಂದು ಬಿಂದುವಿನ ಮೇಲೆ ಬೆರಳಿಡಿ. ಮನೆಯವರು ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಲಿ. ಅರ್ಧ ಗಂಟೆ ಬಿಟ್ಟು, ಹಳೆಯ ಗುರುತನ್ನು ಸವರಿ ನೋಡದೆ ಇನ್ನೊಮ್ಮೆ ತೋರಿಸಿ. ಎರಡು ಗುರುತೂ ಹತ್ತಿರ ಹತ್ತಿರ ಬಿದ್ದರೆ ಜಾಗ ಸಿಕ್ಕಿತು. ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಈಗ ಆ ಗುರುತು ಎಲ್ಲಿದೆ ನೋಡಿ. ಸೊಂಟದ ಹಿಂದೆ ಎರಡು ಕಡೆ ಚಿಕ್ಕ ಗುಳಿಗಳಿರುತ್ತವೆ. ಆ ಗುಳಿಗೂ ಬಾಲದ ಮೂಳೆಯ ತುದಿಗೂ ನಡುವೆ ಒಂದು ಬಿಂದು ಅಂದುಕೊಳ್ಳಿ. ಇನ್ನೊಂದು ಬಿಂದು ಪಕ್ಕದಲ್ಲಿ, ಪ್ಯಾಂಟಿನ ಸೈಡ್ ಜೇಬಿನ ಹತ್ತಿರ ಕೈಗೆ ಗಟ್ಟಿಯಾಗಿ ಸಿಗುವ ಮೂಳೆಯ ಉಬ್ಬು. ಪಾದವನ್ನು ಒಳಗೆ ಹೊರಗೆ ತಿರುಗಿಸಿದರೆ ಆ ಉಬ್ಬು ಕೈಯಡಿಯಲ್ಲಿ ಉರುಳುವುದು ಗೊತ್ತಾಗುತ್ತದೆ. ಇವೆರಡನ್ನೂ ಸೇರಿಸಿ ಗೆರೆ ಎಳೆದರೆ ಪಿರಿಫಾರ್ಮಿಸ್ ಸುಮಾರಾಗಿ ಅದರ ಕೆಳಗೇ ಇದೆ. ನಿಮ್ಮ ಗುರುತು ಈ ಗೆರೆಯ ನಡುಭಾಗದ ಸುತ್ತಮುತ್ತ ಬಿದ್ದರೆ ಅನುಮಾನಕ್ಕೆ ಜಾಗವಿದೆ.

ಬೇರೆ ಕಡೆ ಬಿದ್ದರೆ ಬೇರೆ ಕಥೆ. ಗುರುತು ನಟ್ಟನಡುವೆ ಬೆನ್ನುಮೂಳೆಯ ಮೇಲಿದ್ದರೆ ಕಾರಣವನ್ನು ಬೆನ್ನಿನಲ್ಲಿ ಹುಡುಕಬೇಕು. ಸರಿಯಾಗಿ ಗುಳಿಯ ಮೇಲೆ ಅಥವಾ ಅದರ ತುಸು ಒಳಗೆ ಇದ್ದರೆ ಎಸ್‌ಐ ಕೀಲು, ಅಂದರೆ ಬೆನ್ನುಮೂಳೆಯ ಬುಡದ ತ್ರಿಕೋನ ಮೂಳೆ ಸೊಂಟದ ಮೂಳೆಗೆ ಸೇರುವ ಜಾಗ. ಕೂತಾಗ ನೆಲಕ್ಕೆ ಒತ್ತುವ ಮೂಳೆಯ ಮೇಲಿದ್ದರೆ ತೊಡೆಯ ಹಿಂದಿನ ಸ್ನಾಯುವಿನ ಬುಡ. ಪಕ್ಕದ ಉಬ್ಬಿನ ಮೇಲೇ ಇದ್ದು, ಆ ಮಗ್ಗುಲಿಗೆ ಮಲಗಲಾಗದಿದ್ದರೆ ಅಲ್ಲಿನ ಸ್ನಾಯುತುದಿ ಅಥವಾ ದ್ರವದ ಚೀಲದ ಉರಿ. ತೊಡೆ ಸಂದಿನಲ್ಲಿ, ಅಂದರೆ ಮುಂದೆ ನೋವಿದ್ದು ಸಾಕ್ಸ್ ಹಾಕಲು ಕಾಲು ಎತ್ತುವುದೇ ಕಷ್ಟವಾದರೆ ತೊಡೆಯ ಕೀಲನ್ನೇ ಮೊದಲು ತೋರಿಸಿಕೊಳ್ಳಿ.

ಇಲ್ಲಿ ಆಗುವ ತಪ್ಪೆಂದರೆ ಹೆಬ್ಬೆರಳಿಂದ ಬಲವಾಗಿ ಒತ್ತಿ ‘ಅಯ್ಯೋ ನೋಯುತ್ತೆ’ ಅನ್ನುವುದು. ಅಷ್ಟು ಆಳಕ್ಕೆ ಒತ್ತಿದರೆ ಯಾರಿಗಾದರೂ ನೋಯುತ್ತದೆ. ಎರಡೂ ಕಡೆ ಒಂದೇ ಬಲದಲ್ಲಿ ಒತ್ತಿ ಹೋಲಿಸಿ. ನೋವಿರುವ ಕಡೆ ಒತ್ತಿದಾಗ ನಿಮ್ಮ ದಿನನಿತ್ಯದ ಅದೇ ನೋವು ಮರುಕಳಿಸಬೇಕು. ಹೊಸ ನೋವು ಲೆಕ್ಕಕ್ಕಿಲ್ಲ.

ಹಂತ 3: ಕೂತಾಗ ಏನಾಗುತ್ತದೆ, ಬರೆದಿಡಿ

ಈ ಸಮಸ್ಯೆಯ ಅತಿ ದೊಡ್ಡ ಸುಳಿವು ಕೂರುವುದರಲ್ಲಿದೆ. ಮರದ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೂರಿ, ಎರಡೂ ಕಡೆ ಸಮನಾಗಿ ಭಾರ ಹಾಕಿ ಕೂತು ಟೈಮರ್ ಹಾಕಿ. ಪಿರಿಫಾರ್ಮಿಸ್ ತೊಂದರೆ ಇರುವವರಲ್ಲಿ ಹಲವರಿಗೆ 15–20 ನಿಮಿಷ ಕಳೆಯುವಷ್ಟರಲ್ಲಿ ಒಂದು ಕಡೆ ಆಳದಲ್ಲಿ ಸೆಳೆತ ಶುರುವಾಗುತ್ತದೆ. ಗೊತ್ತಿಲ್ಲದೆಯೇ ಭಾರ ಇನ್ನೊಂದು ಕಡೆಗೆ ವಾಲುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸ್ವಲ್ಪ ಹಗುರ. ಮೊದಲ ಒಂದೆರಡು ಹೆಜ್ಜೆ ಮಾತ್ರ ಕಷ್ಟ.

ಔಟರ್ ರಿಂಗ್ ರೋಡಿನ ಜಾಮ್‌ನಲ್ಲಿ ನಿಂತ ಆಟೊ ಒಳಗೆ ಒಮ್ಮೆ ಗಮನಿಸಿ. ಡ್ರೈವರ್ ಬಲಗಾಲನ್ನು ಬ್ರೇಕಿನ ಮೇಲಿಟ್ಟು, ಎಡಗಾಲು ಮಡಚಿ ಸೀಟಿನ ಮೇಲೆ ಎಳೆದುಕೊಂಡು, ಇಡೀ ಮೈಭಾರವನ್ನು ಒಂದೇ ಕುಂಡಿಯ ಮೇಲೆ ಹಾಕಿ ಕೂತಿರುತ್ತಾರೆ. ಅಭ್ಯಾಸಕ್ಕೆ ಹಾಗೆ ಕೂರುವವರೂ ಇದ್ದಾರೆ, ನೋವು ತಪ್ಪಿಸಲು ಹಾಗೆ ಕೂರುವವರೂ ಇದ್ದಾರೆ. ನೀವು ಯಾವುದು? ಸಮನಾಗಿ ಕೂರಲು ಪ್ರಯತ್ನಿಸಿದರೆ ಗೊತ್ತಾಗುತ್ತದೆ.

ನಾಲ್ಕೈದು ದಿನ ಪುಸ್ತಕದಲ್ಲಿ ಬರೆಯಿರಿ. ಎಲ್ಲಿ ಕೂತಿದ್ದಿರಿ, ಎಷ್ಟು ಹೊತ್ತಿಗೆ ನೋವು ಬಂತು, ಏನು ಮಾಡಿದಾಗ ಕಡಿಮೆಯಾಯಿತು. ‘ಬಿಎಂಟಿಸಿ ಬಸ್, ಹಿಂದಿನ ಚಕ್ರದ ಮೇಲಿನ ಸೀಟು, ಮೊಣಕಾಲು ಮೇಲೆದ್ದಿತ್ತು, ಕಾರ್ಪೊರೇಷನ್ ಸರ್ಕಲ್ ಬರುವಷ್ಟರಲ್ಲಿ ಜೋಮು’. ಇಂಥ ಒಂದು ಸಾಲು ಸಾಕು. ‘ತುಂಬಾ ನೋವು’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ.

ಕೂರುವುದರ ಜೊತೆ ಇನ್ನೂ ಕೆಲವನ್ನು ನೋಡಿ: ಮೆಟ್ಟಿಲು ಹತ್ತುವಾಗ, ಕಾರಿನಿಂದ ಒಂದು ಕಾಲು ಹೊರಗಿಟ್ಟು ಇಳಿಯುವಾಗ, ಸ್ಕೂಟರ್ ಮೇಲೆ ಕಾಲು ಎತ್ತಿ ಹಾಕುವಾಗ, ಕಾಲಮೇಲೆ ಕಾಲು ಹಾಕಿ ಕೂತಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ. ನಿಂತಾಗ ಮತ್ತು ಮಲಗಿದಾಗ ಏನೂ ಇಲ್ಲದೆ, ಕೂತಾಗ ಮತ್ತು ತೊಡೆ ತಿರುಗಿಸಿದಾಗ ನೋವು ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಕೂತರೂ ನಿಂತರೂ ಒಂದೇ ಥರ ನೋವಿದ್ದರೆ ಅನುಮಾನ ಸಡಿಲವಾಗುತ್ತದೆ.

ಹಂತ 4: ನೋವು ಇಳಿಯುವ ದಾರಿಯನ್ನು ಗೆರೆ ಎಳೆದು ನೋಡಿ

ಕಾಗದದ ಮೇಲೆ ಕಾಲಿನ ಹಿಂಭಾಗದ ಚಿತ್ರ ಬರೆದುಕೊಳ್ಳಿ, ಚೆನ್ನಾಗಿರಬೇಕೆಂದೇನಿಲ್ಲ. ಸೆಳೆತಕ್ಕೆ ಒಂದು ಗೆರೆ, ಜೋಮಿಗೆ ಚುಕ್ಕಿ, ಮರಗಟ್ಟಿದ ಜಾಗಕ್ಕೆ ಅಡ್ಡಗೆರೆ ಹಾಕಿ.

ಪಿರಿಫಾರ್ಮಿಸ್‌ನಲ್ಲಿ ನೋವು ಸಾಮಾನ್ಯವಾಗಿ ಕುಂಡಿಯಲ್ಲೇ ಅತಿ ಜಾಸ್ತಿ. ಅಲ್ಲಿಂದ ತೊಡೆಯ ಹಿಂಭಾಗಕ್ಕೆ ಇಳಿಯುತ್ತದೆ. ಕೆಲವರಿಗೆ ಮೀನಖಂಡದವರೆಗೂ, ಪಾದದವರೆಗೂ ಹೋಗುವುದುಂಟು. ಬೆನ್ನಿನಲ್ಲಿ ನೋವು ಇರುವುದಿಲ್ಲ, ಇದ್ದರೂ ಕಡಿಮೆ. ಡಿಸ್ಕ್ ತೊಂದರೆಯಲ್ಲಿ ಹಲವು ಸಲ ಇದು ತಿರುಗುಮುರುಗು. ಮೊಣಕಾಲಿನ ಕೆಳಗೆ ಜಾಸ್ತಿ, ಒಂದು ನಿರ್ದಿಷ್ಟ ಪಟ್ಟಿಯಲ್ಲಿ ಕರೆಂಟ್ ಹೊಡೆದ ಹಾಗೆ. ಹೆಬ್ಬೆರಳು ಮತ್ತು ಪಾದದ ಮೇಲ್ಭಾಗದ ಕಡೆ ಹೋದರೆ ಒಂದು ನರದ ಬೇರು, ಕಿರುಬೆರಳು ಮತ್ತು ಪಾದದ ಹೊರ ಅಂಚಿನ ಕಡೆ ಹೋದರೆ ಇನ್ನೊಂದು. ಈ ಚಿತ್ರವನ್ನು ಜೋಪಾನವಾಗಿಡಿ. ಬಾಯಲ್ಲಿ ಹತ್ತು ನಿಮಿಷ ಹೇಳುವುದನ್ನು ಡಾಕ್ಟರ್ ಇದರಲ್ಲಿ ಒಂದೇ ನೋಟಕ್ಕೆ ಓದಿಕೊಳ್ಳುತ್ತಾರೆ.

ಸಕ್ಕರೆ ಕಾಯಿಲೆ ಇರುವವರು ಒಂದು ವ್ಯತ್ಯಾಸ ಗಮನಿಸಿ. ಎರಡೂ ಪಾದಗಳಲ್ಲಿ ಸಾಕ್ಸ್ ಹಾಕಿದಷ್ಟು ಜಾಗದಲ್ಲಿ ಉರಿ, ಜೋಮು ಇದ್ದರೆ ಅದು ಸಕ್ಕರೆಯಿಂದ ನರಕ್ಕೆ ಆದ ತೊಂದರೆ ಇರಬಹುದು. ಪಿರಿಫಾರ್ಮಿಸ್ ಸಾಮಾನ್ಯವಾಗಿ ಒಂದೇ ಕಡೆ, ಮೇಲಿನಿಂದ ಕೆಳಕ್ಕೆ.

ಹಂತ 5: ಬೆನ್ನಿನದ್ದಲ್ಲ ಎಂದು ನೋಡಿಕೊಳ್ಳಿ

ಇದನ್ನು ಬಿಟ್ಟು ಮುಂದಿನ ಹಂತಕ್ಕೆ ಹಾರುವವರೇ ಜಾಸ್ತಿ. ಎಡವಟ್ಟಾಗುವುದೂ ಅದರಿಂದಲೇ.

*ಕೆಮ್ಮು, ಸೀನು.* ಕೆಮ್ಮಿದಾಗ, ಸೀನಿದಾಗ, ಮಲವಿಸರ್ಜನೆಗೆ ಮುಕ್ಕಿದಾಗ ಕಾಲಿಗೆ ಛಕ್ಕೆಂದು ನೋವು ಇಳಿದರೆ ಡಿಸ್ಕ್ ಕಡೆಗೆ ಬೊಟ್ಟು ಮಾಡುತ್ತದೆ.

*ಬಗ್ಗುವುದು, ಹಿಂದಕ್ಕೆ ಬಾಗುವುದು.* ನಿಂತು ನಿಧಾನವಾಗಿ ಮುಂದೆ ಬಗ್ಗಿ, ನೇರವಾಗಿ, ಮತ್ತೆ ಸ್ವಲ್ಪ ಹಿಂದಕ್ಕೆ ಬಾಗಿ. ಬೆನ್ನಿನ ಈ ಚಲನೆಗಳಿಂದಲೇ ಕಾಲಿನ ನೋವು ಏರಿಳಿದರೆ ಮೂಲ ಬೆನ್ನಿನಲ್ಲಿರುವ ಸಾಧ್ಯತೆ ಜಾಸ್ತಿ.

*ನೇರ ಕಾಲು ಎತ್ತುವುದು.* ಚಾಪೆಯ ಮೇಲೆ ಅಂಗಾತ ಮಲಗಿ. ಮೊಣಕಾಲು ಮಡಚದ ಹಾಗೆ ಮನೆಯವರು ಹಿಮ್ಮಡಿ ಹಿಡಿದು ಕಾಲನ್ನು ನಿಧಾನವಾಗಿ ಎತ್ತಲಿ. ನೀವು ಸಹಾಯ ಮಾಡಬೇಡಿ. ನೆಲದಿಂದ ಸುಮಾರು 30ರಿಂದ 70 ಡಿಗ್ರಿ ನಡುವೆ ಮೊಣಕಾಲಿನ ಕೆಳಗಿನವರೆಗೆ ನಿಮ್ಮ ಅದೇ ನೋವು ಹರಿದರೆ ಡಿಸ್ಕ್ ಅನುಮಾನ ಬಲವಾಗುತ್ತದೆ. ತೊಡೆಯ ಹಿಂದೆ ಬಿಗಿದಂತಾಗುವುದು ಬೇರೆ, ಅದು ಸ್ನಾಯು ಎಳೆತ. ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂರುವವರಲ್ಲಿ ಬಹುಪಾಲು ಜನರಿಗೆ ಅದು ಇದ್ದೇ ಇರುತ್ತದೆ. ಈ ಎರಡನ್ನು ಬೆರೆಸುವುದೇ ಇಲ್ಲಿನ ದೊಡ್ಡ ತಪ್ಪು. ಪಿರಿಫಾರ್ಮಿಸ್ ಇರುವ ಕೆಲವರಿಗೂ ಈ ಪರೀಕ್ಷೆಯಲ್ಲಿ ನೋವಾಗುತ್ತದೆ, ಹಾಗಾಗಿ ಇದೊಂದನ್ನೇ ನಂಬಬೇಡಿ.

*ಹಿಮ್ಮಡಿ ನಡಿಗೆ, ತುದಿಗಾಲ ನಡಿಗೆ.* ಹತ್ತು ಹೆಜ್ಜೆ ಹಿಮ್ಮಡಿಯ ಮೇಲೆ, ಹತ್ತು ಹೆಜ್ಜೆ ತುದಿಗಾಲ ಮೇಲೆ. ಗೋಡೆ ಪಕ್ಕದಲ್ಲಿರಲಿ. ಒಂದು ಕಡೆ ಪಾದ ಸೋತು ಕೆಳಗಿಳಿದರೆ ಅದು ನೋವಲ್ಲ, ಬಲಹೀನತೆ. ಮನೆಯ ಪರೀಕ್ಷೆ ಅಲ್ಲಿಗೆ ಮುಗಿಯಿತು, ಡಾಕ್ಟರನ್ನು ಕಾಣಿ. ಪಿರಿಫಾರ್ಮಿಸ್‌ನಲ್ಲಿ ನೋವು, ಜೋಮು ಎಷ್ಟೇ ಇದ್ದರೂ ಕಾಲಿನ ಬಲ ಸಾಮಾನ್ಯವಾಗಿ ಉಳಿದಿರುತ್ತದೆ.

ಎಂಆರ್‌ಐ ಆಗಲೇ ಕೈಯಲ್ಲಿದ್ದರೆ ಹೆದರಬೇಡಿ, ಅದನ್ನೇ ಪೂರ್ತಿ ನಂಬಲೂಬೇಡಿ. ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ 20 ವರ್ಷದವರಲ್ಲಿ ಶೇ 30ರಷ್ಟು, 80 ವರ್ಷದವರಲ್ಲಿ ಶೇ 84ರಷ್ಟು ಮಂದಿಗೆ ಡಿಸ್ಕ್ ಉಬ್ಬು ಕಂಡಿತ್ತು. ಅಂದರೆ ರಿಪೋರ್ಟಿನಲ್ಲಿ ಬಲ್ಜ್ ಇದೆ ಎಂದಮಾತ್ರಕ್ಕೆ ನಿಮ್ಮ ನೋವು ಅದರದ್ದೇ ಆಗಬೇಕಿಲ್ಲ. ರಿಪೋರ್ಟ್ ಹೇಳುವ ಕಡೆ ಮತ್ತು ಮಟ್ಟ, 4ನೇ ಹಂತದ ನಿಮ್ಮ ಚಿತ್ರಕ್ಕೆ ಹೊಂದುತ್ತದೆಯೇ ನೋಡಿ. ಬಲ್ಜ್ ಎಡಕ್ಕಿದ್ದು ನೋವು ಬಲಕ್ಕಿದ್ದರೆ ಡಾಕ್ಟರನ್ನು ಕೇಳಲೇಬೇಕು.

ಹಂತ 6: ಈಗ ಸ್ನಾಯುವನ್ನು ಎಳೆದು, ದುಡಿಸಿ ನೋಡಿ

ಎರಡು ವಿಧ. ಸ್ನಾಯುವನ್ನು ಎಳೆದಾಗ ನೋವು ಬರುತ್ತದೆಯೇ, ದುಡಿಸಿದಾಗ ಬರುತ್ತದೆಯೇ. ಎರಡೂ ನೋಡಿ. ಮೊದಲು ನೋವಿಲ್ಲದ ಕಾಲು, ಆಮೇಲೆ ನೋವಿರುವುದು.

1. ಮೊಣಕಾಲು ಎದುರು ಭುಜಕ್ಕೆ. ಅಂಗಾತ ಮಲಗಿ. ಬಲಗಡೆ ನೋವಿದ್ದರೆ ಬಲ ಮೊಣಕಾಲು ಮಡಚಿ, ಎರಡೂ ಕೈಯಿಂದ ಹಿಡಿದು ಎಡ ಭುಜದ ಕಡೆಗೆ ನಿಧಾನವಾಗಿ ತನ್ನಿ. ಕುಂಡಿಯ ಆಳದಲ್ಲಿ ನಿಮ್ಮ ಅದೇ ನೋವು ಬಂದರೆ ಬರೆದುಕೊಳ್ಳಿ. ತೊಡೆ ಸಂದಿನಲ್ಲಿ, ಮುಂದೆ, ಚಿವುಟಿದಂತಾದರೆ ಅದು ಪಿರಿಫಾರ್ಮಿಸ್ ಅಲ್ಲ, ಕೀಲಿನ ಮಾತು.

2. ಮಗ್ಗುಲಾಗಿ ಮಲಗಿ ಒತ್ತುವುದು. ವೈದ್ಯರು ಫೇರ್ ಟೆಸ್ಟ್ ಅನ್ನುವುದು ಇದನ್ನೇ. ನೋವಿಲ್ಲದ ಮಗ್ಗುಲಿಗೆ ಮಲಗಿ. ಮೇಲಿನ ಕಾಲನ್ನು ತೊಡೆಯ ಹತ್ತಿರ ಸುಮಾರು 60 ಡಿಗ್ರಿ ಮಡಚಿ, ಮೊಣಕಾಲನ್ನೂ ಮಡಚಿ. ಮನೆಯವರು ಒಂದು ಕೈಯಿಂದ ನಿಮ್ಮ ಸೊಂಟ ಹಿಂದೆ ಉರುಳದಂತೆ ಹಿಡಿದು, ಇನ್ನೊಂದರಿಂದ ಮೊಣಕಾಲನ್ನು ನೆಲದ ಕಡೆಗೆ ಮೆಲ್ಲಗೆ ಒತ್ತಲಿ. ಇಲ್ಲೂ ಕುಂಡಿಯ ಆಳದಲ್ಲಿ ನಿಮ್ಮ ಅದೇ ನೋವು ಬಂದರೆ ಬರೆದುಕೊಳ್ಳಿ. ಸೊಂಟ ಹಿಡಿಯುವುದನ್ನು ಮರೆತರೆ ಇಡೀ ಮೈ ತಿರುಗಿ ಪರೀಕ್ಷೆ ಸುಮ್ನೆ ವ್ಯರ್ಥ.

3. ಮೊಣಕಾಲು ಎತ್ತಿ ಹಿಡಿಯುವುದು. ಅದೇ ಭಂಗಿ. ಮೇಲಿನ ಕಾಲಿನ ಮೊಣಕಾಲು ನೆಲಕ್ಕೆ ತಾಗಿರಲಿ. ಈಗ ಅದನ್ನು ನಾಲ್ಕು ಬೆರಳಷ್ಟು ಮೇಲೆತ್ತಿ ಸ್ವಲ್ಪ ಹೊತ್ತು ಹಿಡಿಯಿರಿ. ಕುಂಡಿಯ ಆಳದಲ್ಲಿ ನೋವು ಬಂದರೆ ಸ್ನಾಯುವಿನ ಕಡೆ ಸೂಚನೆ. ಬೆನ್ನಿನಲ್ಲೂ ಕಾಲಿನಲ್ಲೂ ಬಂದರೆ 5ನೇ ಹಂತಕ್ಕೆ ವಾಪಸ್ ಹೋಗಿ.

4. ಕೂತು ಹೊರಕ್ಕೆ ತಳ್ಳುವುದು. ಕುರ್ಚಿಯಲ್ಲಿ ಕೂತು ಮೊಣಕಾಲುಗಳನ್ನು ಹೊರಕ್ಕೆ ಅಗಲಿಸಿ. ಮನೆಯವರು ಹೊರಗಿನಿಂದ ಎರಡೂ ಕೈಯಲ್ಲಿ ತಡೆಯಲಿ. ಒಂದು ಕಡೆ ನೋವು ಅಥವಾ ಸೋಲು ಕಂಡರೆ ಬರೆದುಕೊಳ್ಳಿ.

ಪ್ರತಿಯೊಂದನ್ನೂ ಒಂದೆರಡು ಸಲ ಮಾಡಿದರೆ ಸಾಕು. ನೋವು ಬರುತ್ತಿದ್ದ ಹಾಗೆ ನಿಲ್ಲಿಸಿ. ಮತ್ತೆ ಮತ್ತೆ ಮಾಡಿ ನೋಡುವ ಚಟ ಕೆಲವರಿಗಿದೆ. ಸಂಜೆಯೊಳಗೆ ಸ್ನಾಯು ಕೆರಳಿ, ಇಲ್ಲದ ಲಕ್ಷಣವೂ ಹುಟ್ಟಿಕೊಳ್ಳುತ್ತದೆ.

ಅಂಗಾತ ಮಲಗಿ ಸಡಿಲಬಿಟ್ಟಾಗ ನೋವಿರುವ ಕಡೆಯ ಪಾದ ಇನ್ನೊಂದಕ್ಕಿಂತ ಜಾಸ್ತಿ ಹೊರಕ್ಕೆ ಬಿದ್ದಿರುವುದೂ ಒಂದು ಸುಳಿವು. ಆದರೆ ಹುಟ್ಟಿನಿಂದಲೇ ಹಾಗಿರುವವರು ಬೇಕಾದಷ್ಟಿದ್ದಾರೆ. ಅದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಹಂತ 7: ವೇಷ ಹಾಕಿ ಬರುವ ಬೇರೆ ತೊಂದರೆಗಳು

ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತ ತಕ್ಷಣ ಬಿಟ್ಟುಹೋದರೆ ರಕ್ತನಾಳ ನೋಡಿಸಬೇಕು. ಬೀಡಿ, ಸಿಗರೇಟ್ ಸೇದುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಯಸ್ಸಾದವರಿಗೆ ನಡೆದಾಗ ಎರಡೂ ಕಾಲು ಭಾರವಾಗಿ, ಮುಂದೆ ಬಗ್ಗಿ ನಿಂತರೆ ಅಥವಾ ಕೂತರೆ ಆರಾಮ ಅನ್ನಿಸಿದರೆ ಬೆನ್ನುಮೂಳೆಯ ಕಾಲುವೆ ಕಿರಿದಾಗಿರಬಹುದು. ಗಮನಿಸಿ, ಇದು ಪಿರಿಫಾರ್ಮಿಸ್‌ಗೆ ಪೂರ್ತಿ ಉಲ್ಟಾ. ಅಲ್ಲಿ ಕೂರುವುದೇ ಕಷ್ಟ.

ಕೂತಾಗ ಗುಪ್ತಾಂಗ ಮತ್ತು ಗುದದ ಸುತ್ತ ಉರಿದು, ಕಮೋಡಿನ ಮೇಲೆ ಕೂತಾಗ ಕಡಿಮೆಯಾದರೆ ಕೆರಳಿರುವುದು ಬೇರೆಯೇ ನರ. ಒಂದೇ ಕಡೆ ಉರಿನೋವು ಬಂದು ಮೂರ್ನಾಲ್ಕು ದಿನಕ್ಕೆ ಅದೇ ಪಟ್ಟಿಯಲ್ಲಿ ಗುಳ್ಳೆ ಎದ್ದರೆ ಸರ್ಪಸುತ್ತು. ಇದಕ್ಕೆ ಮಾತ್ರೆಯನ್ನು ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬಿಗಿತವಿದ್ದು, ಓಡಾಡಿದರೆ ಸಡಿಲಗೊಂಡು, ಕುಂಡಿ ನೋವು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಂದರೆ, ಅದರಲ್ಲೂ ಚಿಕ್ಕ ವಯಸ್ಸಿನವರಾದರೆ, ಸಂಧಿವಾತದ ತಜ್ಞರನ್ನು ಕಾಣಿ. ಇದನ್ನು ಪಿರಿಫಾರ್ಮಿಸ್ ಅಂದುಕೊಂಡು ವರ್ಷಗಟ್ಟಲೆ ಸ್ಟ್ರೆಚ್ ಮಾಡಿದವರಿದ್ದಾರೆ.

ಇನ್ನು ‘ವಾಯು ಹಿಡಿದಿದೆ’, ‘ಗ್ಯಾಸ್ಟ್ರಿಕ್ ಕಾಲಿಗೆ ಇಳಿದಿದೆ’ ಅನ್ನುವ ಮಾತು. ಹೊಟ್ಟೆಯ ಗ್ಯಾಸ್ ಕಾಲಿಗೆ ಇಳಿಯುವುದಿಲ್ಲ.

ಹಂತ 8: ನಿಮ್ಮ ದಿನಚರಿಯಲ್ಲಿ ಕಾರಣ ಹುಡುಕಿ

ಕಾರಣ ಸಿಕ್ಕರೆ ಗುರುತಿಸುವುದು ಇನ್ನಷ್ಟು ಸುಲಭ. ಮೊದಲು ಹಿಂದಿನ ಜೇಬು ನೋಡಿಕೊಳ್ಳಿ. ಕಾರ್ಡು, ಬಿಲ್ಲು, ಆರ್‌ಸಿ ತುಂಬಿದ ದಪ್ಪ ಪರ್ಸ್ ಮೇಲೆ ದಿನವಿಡೀ ಕೂರುವವರಿಗೆ ಅದೇ ಕಡೆ ಸಯಾಟಿಕ್ ನೋವು ಬರುವುದು ವೈದ್ಯರಿಗೆ ಹಳೆಯ ವಿಷಯ. ಪರ್ಸನ್ನು ಒಂದು ವಾರ ಬ್ಯಾಗಿಗೆ ಹಾಕಿ ನೋಡಿ.

ಆಮೇಲೆ ಬಿದ್ದ ನೆನಪು. ಮಳೆಯಲ್ಲಿ ಗುಂಡಿ ಕಾಣದೆ ಸ್ಕೂಟರಿನಿಂದ ಜಾರಿ ಕುಂಡಿಯ ಮೇಲೆ ಬಿದ್ದಿದ್ದು, ಬಾತ್‌ರೂಮಿನಲ್ಲಿ ಜಾರಿದ್ದು. ಆಗ ಏನೂ ಅನ್ನಿಸದೆ ವಾರಗಳ ನಂತರ ನೋವು ಶುರುವಾಗಬಹುದು. ಅಲ್ಲಿ ಪೆಟ್ಟು ಬಿದ್ದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಓಡುವವರ ಕಥೆ ಬೇರೆ. 10ಕೆ ಓಟ ಹತ್ತಿರ ಬಂತೆಂದು ಕಬ್ಬನ್ ಪಾರ್ಕಿನಲ್ಲಿ ಒಮ್ಮೆಲೇ ದೂರ ಹೆಚ್ಚಿಸಿದವರು, ವಾರವಿಡೀ ಕುರ್ಚಿಯಲ್ಲಿದ್ದು ಭಾನುವಾರ ನಂದಿ ಬೆಟ್ಟ ಹತ್ತಿದವರು, ಇಳಿಜಾರಿನ ರಸ್ತೆಯಂಚಿನಲ್ಲೇ ಓಡುವವರು. ಇವರಲ್ಲಿ ತೊಡೆಯನ್ನು ಸ್ಥಿರವಾಗಿ ಹಿಡಿಯುವ ದೊಡ್ಡ ಸ್ನಾಯುಗಳು ಸೋತು, ಅವುಗಳ ಕೆಲಸ ಪುಟ್ಟ ಪಿರಿಫಾರ್ಮಿಸ್ ಮೇಲೆ ಬೀಳುತ್ತದೆ. ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಕಾರು ಓಡಿಸುವವರು ಬಲಪಾದವನ್ನು ಗಮನಿಸಿ. ಬ್ರೇಕು, ಆಕ್ಸಿಲರೇಟರ್ ನಡುವೆ ತೊಡೆ ಹೊರಕ್ಕೆ ತಿರುಗಿಸಿಕೊಂಡು ಗಂಟೆಗಟ್ಟಲೆ ಕೂರುವುದು ಆ ಸ್ನಾಯುವಿಗೆ ಬಿಡುವಿಲ್ಲದ ಕೆಲಸ.

ಹಂತ 9: ಡಾಕ್ಟರ ಹತ್ತಿರ ಏನು ಒಯ್ಯಬೇಕು, ಏನು ಹೇಳಬೇಕು

ಹಂತ 2ರ ಗುರುತಿನ ಫೋಟೊ, ಹಂತ 3ರ ಪುಸ್ತಕ, ಹಂತ 4ರ ಚಿತ್ರ, ಹಳೆಯ ಸ್ಕ್ಯಾನ್ ಇದ್ದರೆ ಫಿಲ್ಮ್ ಸಮೇತ. ‘ನನಗೆ ಪಿರಿಫಾರ್ಮಿಸ್ ಇದೆ’ ಎಂದು ಶುರು ಮಾಡಬೇಡಿ. ‘ಕೂತ ಕಾಲು ಗಂಟೆಗೆ ಬಲ ಕುಂಡಿಯ ಇಲ್ಲಿ ನೋವು ಬರುತ್ತದೆ, ನಡೆದರೆ ಕಡಿಮೆ, ಕೆಮ್ಮಿದರೆ ಏನೂ ಆಗುವುದಿಲ್ಲ’ ಎಂದು ಬೆರಳಿಟ್ಟು ತೋರಿಸಿ. ಒಳ್ಳೆಯ ಡಾಕ್ಟರ್ ಉಳಿದದ್ದನ್ನು ತಾವೇ ಕೇಳುತ್ತಾರೆ. ಮುಟ್ಟಿ ನೋಡದೆ, ಮಲಗಿಸಿ ಪರೀಕ್ಷಿಸದೆ ಬರೀ ರಿಪೋರ್ಟ್ ಓದಿ ಔಷಧಿ ಬರೆದರೆ ಇನ್ನೊಬ್ಬರ ಅಭಿಪ್ರಾಯ ಪಡೆಯುವುದರಲ್ಲಿ ತಪ್ಪಿಲ್ಲ.

ಮೊದಲು ಮೂಳೆ ಡಾಕ್ಟರ್ ಸಾಕು. ಸರ್ಕಾರಿ ವ್ಯವಸ್ಥೆಯಲ್ಲಿ ತೋರಿಸುವವರಿಗೆ ಬೆಂಗಳೂರಿನ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಅಪಘಾತ ಮತ್ತು ಮೂಳೆಯ ತೊಂದರೆಗಳಿಗೇ ಮೀಸಲಾದದ್ದು. ಬಲಹೀನತೆ, ಮರಗಟ್ಟುವಿಕೆ ಜಾಸ್ತಿ ಇದ್ದರೆ ನರರೋಗ ತಜ್ಞರನ್ನು ಕಾಣಬೇಕಾಗುತ್ತದೆ. ಅವರು ನರದ ವೇಗ ಅಳೆಯುವ ಪರೀಕ್ಷೆ ಬರೆಯಬಹುದು. ಬೆನ್ನಿನ ಎಂಆರ್‌ಐ ಮಾಡಿಸುವುದು ಮುಖ್ಯವಾಗಿ ಡಿಸ್ಕನ್ನು ಪಕ್ಕಕ್ಕಿಡಲು. ಅದರಲ್ಲಿ ಪಿರಿಫಾರ್ಮಿಸ್ ತೊಂದರೆ ಕಾಣುತ್ತದೆ ಅಂದುಕೊಳ್ಳಬೇಡಿ. ಅನುಮಾನ ಉಳಿದರೆ ಅಲ್ಟ್ರಾಸೌಂಡ್ ನೋಡುತ್ತಾ ಆ ಸ್ನಾಯುವಿಗೇ ಮರಗಟ್ಟಿಸುವ ಇಂಜೆಕ್ಷನ್ ಕೊಡುವುದುಂಟು. ನೋವು ಆ ಹೊತ್ತಿಗೆ ಚೆನ್ನಾಗಿ ಇಳಿದರೆ ಮೂಲ ಅಲ್ಲೇ ಎಂಬುದಕ್ಕೆ ಒಳ್ಳೆಯ ಪುರಾವೆ.

ಡಾಕ್ಟರನ್ನು ಕಾಣುವವರೆಗೆ ಮಾಡಬಾರದ್ದು

ಟೆನಿಸ್ ಬಾಲ್ ಮೇಲೆ ಕೂತು ಉರುಳುವುದು ಈಗ ಎಲ್ಲರಿಗೂ ಗೊತ್ತು. ಕಾಲಿಗೆ ಜೋಮು ಬರುತ್ತಿದ್ದರೆ ನೀವು ಒತ್ತುತ್ತಿರುವುದು ಸ್ನಾಯುವನ್ನಲ್ಲ, ನರವನ್ನು. ತಕ್ಷಣ ಬಿಡಿ. ಚಿಕ್ಕ ಮಕ್ಕಳನ್ನು ಬೆನ್ನ ಮೇಲೆ ಹತ್ತಿಸಿ ತುಳಿಸಿಕೊಳ್ಳುವುದು, ನಟಿಕೆ ತೆಗೆಸುವುದು, ‘ನರ ಕೂರಿಸುವವರ’ ಹತ್ತಿರ ಕಾಲು ಜಗ್ಗಿಸಿಕೊಳ್ಳುವುದು ಬೇಡವೇ ಬೇಡ. ಡಿಸ್ಕ್ ಇದ್ದರೆ ಇವುಗಳಿಂದ ಕೆಟ್ಟದ್ದೇ ಆಗುತ್ತದೆ. ಡೈಕ್ಲೋಫೆನಾಕ್‌ನಂಥ ಮಾತ್ರೆಯನ್ನು ವಾರಗಟ್ಟಲೆ ಕೇಳದೆ ನುಂಗಬೇಡಿ. ಹೊಟ್ಟೆ ಹುಣ್ಣು, ಕಿಡ್ನಿ, ಹೃದಯದ ತೊಂದರೆ ಇರುವವರಂತೂ ಒಂದು ಮಾತ್ರೆಗೂ ಕೇಳಬೇಕು.

ಪೂರ್ತಿ ಹಾಸಿಗೆ ಹಿಡಿಯುವುದೂ ಬೇಡ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ, ಕಾಲಮೇಲೆ ಕಾಲು ಹಾಕುವುದು ಬಿಡಿ, ಮಗ್ಗುಲಾಗಿ ಮಲಗುವಾಗ ಮೊಣಕಾಲ ನಡುವೆ ದಿಂಬಿಡಿ. ಬಿಸಿನೀರಿನ ಚೀಲ ಹಿತವೆನಿಸಿದರೆ ಹದವಾದ ಶಾಖ ಕೊಡಿ. ಮರಗಟ್ಟಿದ ಜಾಗಕ್ಕೆ ಮಾತ್ರ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ.

ಚಿಕಿತ್ಸೆ ಶುರುವಾದ ಮೇಲೆ ಹಂತ 3ರ ಕುರ್ಚಿ ಪರೀಕ್ಷೆಯನ್ನು ವಾರಕ್ಕೊಮ್ಮೆ ಅದೇ ಕುರ್ಚಿಯಲ್ಲಿ, ಅದೇ ಹೊತ್ತಿಗೆ ಮಾಡಿ ನಿಮಿಷ ಬರೆದಿಡಿ. ನೋವಿಲ್ಲದೆ ಕೂರುವ ಹೊತ್ತು ಬೆಳೆಯುತ್ತಾ ಹೋಗಬೇಕು, ಕಾಲಿನ ನೋವು ಕೆಳಗಿನಿಂದ ಮೇಲಕ್ಕೆ ಕುಗ್ಗಬೇಕು. ನಾಲ್ಕರಿಂದ ಆರು ವಾರ ಸರಿಯಾಗಿ ವ್ಯಾಯಾಮ ಮಾಡಿದ ಮೇಲೂ ಆ ನಿಮಿಷ ಅಲುಗದಿದ್ದರೆ, ಅದೇ ಪುಸ್ತಕ ಹಿಡಿದು ಮತ್ತೆ ಡಾಕ್ಟರ ಹತ್ತಿರ ಹೋಗಿ ರೋಗ ನಿರ್ಣಯವನ್ನೇ ಇನ್ನೊಮ್ಮೆ ನೋಡಲು ಕೇಳಿ.